ಜಾನ್ ಲೆನನ್: ಶಾಂತಿಯ ಕನಸು ಕಂಡ ಒರಟು ಹುಡುಗ

1980ರ ಡಿಸೆಂಬರ್ 8ರ ರಾತ್ರಿ ನ್ಯೂಯಾರ್ಕ್‌ನ ಡಕೋಟಾ ಕಟ್ಟಡದ ದ್ವಾರದಲ್ಲಿ ಜಾನ್ ಲೆನನ್ ಗುಂಡಿಗೆ ಬಲಿಯಾದ. ಆಗ ಆತನ ವಯಸ್ಸು ಕೇವಲ 40. ಕೊಂದವನು ಅಂದೇ ಸಂಜೆ ಅದೇ ದ್ವಾರದ ಬಳಿ ಆತನ ಹಸ್ತಾಕ್ಷರ ಪಡೆದಿದ್ದ ಅಭಿಮಾನಿ. ಮರುತಿಂಗಳು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಲೆನನ್‌ನ ‘ಇಮ್ಯಾಜಿನ್’ ಅಗ್ರಸ್ಥಾನಕ್ಕೇರಿತು. ಹಿಂಸೆಯಿಲ್ಲದ ಜಗತ್ತನ್ನು ಕಲ್ಪಿಸಿಕೊಳ್ಳಿ ಎಂದು ಕೋರಿದ್ದ ಗೀತೆಗೆ ಆತನ ತಾಯ್ನಾಡಿನಲ್ಲಿ ಈ ಗೌರವ ಸಂದದ್ದು ಹಿಂಸೆ ಆತನನ್ನು ಬಲಿ ಪಡೆದ ಮೇಲೆ.

1940ರ ಅಕ್ಟೋಬರ್ 9ರಂದು ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್‌ನಲ್ಲಿ ಜನಿಸಿದ ಲೆನನ್‌ನ ಬಾಲ್ಯ ಸುಖಮಯವಾಗಿರಲಿಲ್ಲ. ಹಡಗಿನ ನೌಕರನಾಗಿದ್ದ ತಂದೆ ಮನೆಯಲ್ಲಿದ್ದದ್ದೇ ಅಪರೂಪ. ಹುಡುಗನನ್ನು ಸಾಕಿದವಳು ದೊಡ್ಡಮ್ಮ ಮಿಮಿ. ಬ್ಯಾಂಜೋ ನುಡಿಸಲು ಕಲಿಸಿದ ತಾಯಿ ಜೂಲಿಯಾ 1958ರಲ್ಲಿ ಕಾರು ಬಡಿದು ಅಸುನೀಗಿದಳು. ಆ ನೋವು ಆತನಲ್ಲಿ ಕೋಪವಾಗಿ ಉಳಿಯಿತು. ಯೌವನದಲ್ಲಿ ಹೆಂಗಸರ ಮೇಲೂ ಕೈ ಮಾಡಿದ್ದುಂಟೆಂದು ಮುಂದೆ ಆತನೇ ಒಪ್ಪಿಕೊಂಡ.

1957ರಲ್ಲಿ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಜತೆಗೂಡಿ ರೂಪುಗೊಂಡ ಬೀಟಲ್ಸ್ ತಂಡ 1964ರಲ್ಲಿ ಅಮೆರಿಕವನ್ನು ಗೆದ್ದಿತು. 1968ರಲ್ಲಿ ಈ ನಾಲ್ವರು ಮಹರ್ಷಿ ಮಹೇಶ ಯೋಗಿಗಳ ಬಳಿ ಧ್ಯಾನ ಕಲಿಯಲು ಋಷಿಕೇಶಕ್ಕೂ ಬಂದಿದ್ದರು. ಮರುವರ್ಷ ಲೆನನ್ ಜಪಾನಿ ಕಲಾವಿದೆ ಯೋಕೋ ಓನೋಳನ್ನು ವರಿಸಿದ. ಮಧುಚಂದ್ರವನ್ನು ಹೋಟೆಲಿನ ಹಾಸಿಗೆಯ ಮೇಲೆ ಕುಳಿತು ನಡೆಸುವ ಶಾಂತಿ ಪ್ರತಿಭಟನೆಯಾಗಿ ಮಾರ್ಪಡಿಸಿದ. ವಿಯೆಟ್ನಾಂ ಯುದ್ಧಕ್ಕೆ ಬ್ರಿಟನ್ ನೀಡಿದ ಬೆಂಬಲವನ್ನೂ ಒಂದು ಕಾರಣವಾಗಿಸಿ ರಾಣಿಯಿತ್ತ ಪದಕವನ್ನು ಹಿಂತಿರುಗಿಸಿದ.

ಬೀಟಲ್ಸ್ ಒಡೆದ ಮರುವರ್ಷ, 1971ರಲ್ಲಿ, ಆಸ್ಕಾಟ್ ಬಳಿಯ ತನ್ನ ಬಂಗಲೆಯಲ್ಲಿ ಆತ ‘ಇಮ್ಯಾಜಿನ್’ ಧ್ವನಿಮುದ್ರಿಸಿದ. ಬೀಜರೂಪದ ಕಲ್ಪನೆ ಬಂದದ್ದು ಯೋಕೋಳ 1964ರ ‘ಗ್ರೇಪ್‌ಫ್ರೂಟ್’ ಪುಸ್ತಕದಿಂದ. ಆದರೆ ರಚನೆಕಾರರ ಸ್ಥಾನದಲ್ಲಿ ಆಕೆಯ ಹೆಸರಿರಲಿಲ್ಲ. ತನ್ನ ಗಂಡಸಿನ ಅಹಂಕಾರವೇ ಇದಕ್ಕೆ ಕಾರಣವೆಂದು 1980ರಲ್ಲಿ ಲೆನನ್ ಒಪ್ಪಿದ. ಆಕೆಯನ್ನು ಸಹರಚನೆಕಾರ್ತಿಯೆಂದು ಗುರುತಿಸುವ ಘೋಷಣೆ ಹೊರಬಿದ್ದದ್ದು 2017ರಲ್ಲಿ.

ಸ್ವರ್ಗ ನರಕ, ದೇಶಗಳ ಗಡಿ, ಧರ್ಮ, ಆಸ್ತಿ ಇವುಗಳಿಲ್ಲದ ಲೋಕವೊಂದನ್ನು ಗೀತೆ ಕಲ್ಪಿಸುತ್ತದೆ. ಮಂದಗತಿಯ ಪಿಯಾನೋ ನಾದದಲ್ಲಿ ಬಂದುದರಿಂದಲೋ ಏನೋ, ಅದರ ತೀಕ್ಷ್ಣತೆ ಅನೇಕರಿಗೆ ತಟ್ಟಲಿಲ್ಲ. ಬಂಗಲೆಯಲ್ಲಿ ಕುಳಿತು ಆಸ್ತಿ ಬೇಡವೆನ್ನುವುದು ಬೂಟಾಟಿಕೆಯೆಂದು ಟೀಕಿಸಿದವರೂ ಇದ್ದಾರೆ. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಗೀತೆ ಯಾರಿಗೂ ಉಪದೇಶ ಮಾಡುವುದಿಲ್ಲ, ಕಲ್ಪಿಸಿಕೊಳ್ಳಲು ಆಹ್ವಾನಿಸುತ್ತದೆ. ಕೋಪ, ಅಹಂಕಾರ, ಸಂಪತ್ತು ಮೂರನ್ನೂ ತನ್ನಲ್ಲೇ ಕಂಡಿದ್ದವನ ಆಹ್ವಾನವದು. ಬದಲಾಗಬೇಕಾದವರ ಪಟ್ಟಿಯಲ್ಲಿ ಹಾಡುಗಾರನೂ ಸೇರಿದ್ದ.

ಬದಲಾಗಲು ಆತ ಯತ್ನಿಸಿದ್ದೂ ನಿಜ. ಅಮೆರಿಕದಿಂದ ಗಡೀಪಾರು ಮಾಡಲು ಹೊರಟಿದ್ದ ಸರಕಾರದೊಡನೆ ವರ್ಷಗಟ್ಟಲೆ ಹೋರಾಡಿ 1976ರಲ್ಲಿ ಕಾಯಂ ನಿವಾಸದ ಹಕ್ಕು ಪಡೆದ. 1975ರಲ್ಲಿ ಮಗ ಶಾನ್ ಹುಟ್ಟಿದ ಮೇಲೆ ಸುಮಾರು ಐದು ವರ್ಷ ಸಂಗೀತ ಬದಿಗಿಟ್ಟು ಮಗುವಿನ ಲಾಲನೆಯಲ್ಲಿ ತೊಡಗಿದ. ಮೊದಲ ಹೆಂಡತಿಯ ಮಗ ಜೂಲಿಯನ್‌ಗೆ ಮಾತ್ರ ಇಂಥ ತಂದೆ ದೊರೆತಿರಲಿಲ್ಲ.

ಜಗತ್ತು ಅಳಿವಿನಂಚಿಗೆ ಬಂದರಷ್ಟೇ ‘ಇಮ್ಯಾಜಿನ್’ ಹಾಡುವೆನೆಂದು ಜೂಲಿಯನ್ ಹೇಳುತ್ತ ಬಂದಿದ್ದ. 2022ರ ಏಪ್ರಿಲ್‌ನಲ್ಲಿ, ಯುದ್ಧಪೀಡಿತ ಉಕ್ರೇನ್ ನಿರಾಶ್ರಿತರ ನೆರವಿಗಾಗಿ, ಆತ ಅದನ್ನು ಮೊದಲ ಬಾರಿಗೆ ಸಾರ್ವಜನಿಕವಾಗಿ ಹಾಡಿದ. ತಂದೆ ಸತ್ತು ಆಗ 41 ವರ್ಷ ಕಳೆದಿತ್ತು.