ಕನ್ನಡಿ ಇಲ್ಲದ ಮನೆಯ ಅಜ್ಜಿ

ಕೊಲ್ಲಿಮಲೆ ಅಂದರೆ ನಮ್ಮ ಕಡೆಯ ವ್ಯಾಪಾರಸ್ಥರಿಗೆ ಮೆಣಸು, ಬಾಳೆ, ಹಲಸು ನೆನಪಾಗುತ್ತವೆ. ಎಪ್ಪತ್ತು ತಿರುವು ಹತ್ತಿ ನಾನೂ ಎರಡು ಸಲ ಮೆಣಸಿಗೆ ಹೋಗಿದ್ದೇನೆ. ಈಗ ಅದು ನಾಮಕ್ಕಲ್ ಜಿಲ್ಲೆ. 1997ಕ್ಕೆ ಮುಂಚೆ ನಮ್ಮ ಸೇಲಂ ಜಿಲ್ಲೆಯೇ. ರಸ್ತೆಯೇ ಇಲ್ಲದ ಕಾಲದಲ್ಲಿ ಆ ಬೆಟ್ಟ ಹತ್ತಿದ ಒಬ್ಬ ತಾಯಿಯ ಕಥೆ ಹೇಳ್ತೀನಿ.

ಹೆಸರು ಎವ್ಲಿನ್ ಬ್ರ್ಯಾಂಡ್. 1879ರಲ್ಲಿ ಲಂಡನ್ನಿನ ಸ್ಥಿತಿವಂತರ ಮನೆಯಲ್ಲಿ ಹುಟ್ಟಿದರು, ಚಿತ್ರ ಬರೆಯುವುದು ಕಲಿತಿದ್ದರು. ಮೂವತ್ತು ದಾಟಿದ ಮೇಲೆ ಕ್ರೈಸ್ತ ಮಿಷನ್ ಸೇರಿ ಮದ್ರಾಸಿಗೆ ಬಂದರು. 1913ರಲ್ಲಿ ಜೆಸ್ಸಿ ಬ್ರ್ಯಾಂಡ್ ಅವರನ್ನು ಮದುವೆಯಾಗಿ ಕೊಲ್ಲಿಮಲೆಯಲ್ಲಿ ಸಂಸಾರ ಹೂಡಿದರು. ರೇಷ್ಮೆ ಸೀರೆಯ ಬದುಕಲ್ಲ ಅದು, ಚಳಿಜ್ವರದ ಬೆಟ್ಟ.

ಜನಕ್ಕೆ ಆಗ ನಾರುಹುಣ್ಣಿನ ಕಾಟ. ಹುಳು ಇದ್ದವರು ಬಾವಿಯೊಳಕ್ಕೆ ಕಾಲಿಟ್ಟರೆ ಮರಿಹುಳು ನೀರಿಗೆ ಸೇರುತ್ತಿತ್ತು, ಅದೇ ನೀರು ಕುಡಿದವರಿಗೂ ರೋಗ. ಜೆಸ್ಸಿಯವರು ಹುಳುವನ್ನು ಕಡ್ಡಿಗೆ ಸುತ್ತಿ ನಿಧಾನವಾಗಿ ಎಳೆದು ತೆಗೆಯುತ್ತಿದ್ದರು. ಬಾವಿಗೆ ಕಲ್ಲಿನ ಗೋಡೆ ಕಟ್ಟಿಸಿ, ಕಾಲಿಡದೆ ನೀರು ಸೇದೋದನ್ನ ಕಲಿಸಿದರು. ಇಡೀ ದೇಶದಿಂದ ಈ ರೋಗ ಹೋಯಿತು ಅಂತ ಸಾರಿದ್ದು 2000ದಲ್ಲಿ.

ಮೊದಮೊದಲು ಊರಿನ ಪೂಜಾರಿಗೆ ಇವರನ್ನ ಕಂಡರೆ ಆಗುತ್ತಿರಲಿಲ್ಲ. 1918-19ರ ವಿಷಜ್ವರದಲ್ಲಿ ಮನೆಮನೆಗೆ ಹೆದರಿ ಬಾಗಿಲು ಬಿದ್ದಾಗ ಗಂಡಹೆಂಡತಿ ಗಂಜಿ ಹೊತ್ತು ತಿರುಗಿದರು. ಪೂಜಾರಿಯೂ ಮಲಗಿದ. ಸಾಯುವ ಹೊತ್ತಿಗೆ ತನ್ನ ಹಸುಗೂಸನ್ನು ಇವರ ಕೈಗೇ ಒಪ್ಪಿಸಿದ. ರೂತ್ ಅಂತ ಹೆಸರಿಟ್ಟು ಸಾಕಿದರು.

1929ರಲ್ಲಿ ಜ್ವರ ಜೆಸ್ಸಿಯವರನ್ನೇ ಕೊಂಡೊಯ್ಯಿತು. ಇಬ್ಬರು ಮಕ್ಕಳು ಇಂಗ್ಲೆಂಡಿನಲ್ಲಿ ಓದುತ್ತಿದ್ದರು. ಎವ್ಲಿನ್ ಬೆಟ್ಟದ ಕೆಲಸ ಬಿಡಲಿಲ್ಲ. ಎಪ್ಪತ್ತರ ಹತ್ತಿರ ಬಂದಾಗ, ವಯಸ್ಸಾಯಿತು ಅಂತ ಮಿಷನ್ ನಿವೃತ್ತಿ ಕೊಟ್ಟಿತು. ಸಂಬಳವಿಲ್ಲ, ಹುದ್ದೆಯಿಲ್ಲ, ತಮ್ಮ ಸ್ವಂತ ದುಡ್ಡಲ್ಲಿ ಬೆಟ್ಟಕ್ಕೇ ವಾಪಸ್ ಬಂದರು. ಪಚ್ಚೈಮಲೆ, ಕಲ್ರಾಯನ್ ಬೆಟ್ಟ ಅಂತ ಒಂದೊಂದೇ ಸಾಲು ಹತ್ತಿದರು. ಎಪ್ಪತ್ತೈದರಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೂ ನಿಲ್ಲಲಿಲ್ಲ. ಎರಡು ಕೈಯಲ್ಲಿ ಎರಡು ಬಿದಿರು ಕೋಲು, ಇಲ್ಲಾಂದ್ರೆ ಕುದುರೆ. ಕೊನೆಯ ಇಪ್ಪತ್ತು ವರ್ಷ ಮನೆಯಲ್ಲಿ ಕನ್ನಡಿ ಇಟ್ಟುಕೊಳ್ಳಲಿಲ್ಲವಂತೆ.

ಮಗ ಪಾಲ್ ಬ್ರ್ಯಾಂಡ್ ಕೊಲ್ಲಿಮಲೆಯಲ್ಲೇ 1914ರಲ್ಲಿ ಹುಟ್ಟಿದವರು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಮಡಿಚಿದ ಕೈಗೆ ಶಸ್ತ್ರಚಿಕಿತ್ಸೆ ಮಾಡಿ ಲೋಕಪ್ರಸಿದ್ಧರಾದರು. ತಾಯಿಯ ಜೀವನದ ಪುಸ್ತಕ ಬಂದದ್ದು 1976ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷ. 1974ರಲ್ಲಿ, 95ನೇ ವಯಸ್ಸಿಗೆ ಕಣ್ಣುಮುಚ್ಚಿದ ಅವರನ್ನು ಗಂಡನ ಪಕ್ಕದಲ್ಲೇ ಬೆಟ್ಟದ ಮೇಲೆ ಮಣ್ಣು ಮಾಡಿದರು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಏಸು ಕಲಿಸಿದ್ದು; ನಮ್ಮ ಹಿರಿಯರೂ ಅದನ್ನೇ ಅಂದರು. ಹೇಳೋದು ಸುಲಭ. ನಮ್ಮೂರ ಬಾವಿಗೆ ಕಟ್ಟೆ ಕಟ್ಟಿದಾಗ ನಾನೂ ನಾಲ್ಕು ಮೂಟೆ ರಾಗಿ ಮಾರಿ ದುಡ್ಡು ಕೊಟ್ಟಿದ್ದೆ. ಕಲ್ಲಿನಲ್ಲಿ ನನ್ನ ಹೆಸರು ಬಿಟ್ಟುಹೋಯಿತು. ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ, ಮೇಸ್ತ್ರಿ ಜತೆ ಮಾತೂ ಬಿಟ್ಟೆ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಒಂದು ಕಲ್ಲಿನ ಮೇಲೆ ಹೆಸರಿಲ್ಲ ಅನ್ನೋದನ್ನ ನುಂಗೋಕೆ ಆಗಲಿಲ್ಲ.

ಈ ಅಜ್ಜಿಯ ಕಥೆ ಓದಿದ ಮೇಲೆ ಒಂದು ಬೆಳಿಗ್ಗೆ ಆ ಕಟ್ಟೆಗೆ ಹೋಗಿ ಕೂತೆ. ಹೆಣ್ಣುಮಕ್ಕಳು ಕೊಡ ತಂದು ನೀರು ಸೇದಿದರು, ಹೊರಟರು. ಒಬ್ಬರೂ ಆ ಕಲ್ಲನ್ನು ಓದಲಿಲ್ಲ.