ಪುಷ್ಪಕದ ಶಿಲ್ಪಿ ಡಾ|| ಘಾಟಗೆ

ಕಿಷ್ಕಿಂಧೆಯೆಂದು ಪ್ರಸಿದ್ಧವಾದ ನಮ್ಮ ಹಂಪೆಯ ಸೀಮೆಯ ಮೇಲೆ ಶ್ರೀರಾಮನ ಪುಷ್ಪಕ ಹಾದುಹೋಯಿತೆಂದು ರಾಮಾಯಣ ಹೇಳುತ್ತದೆ. ಆ ಪುಷ್ಪಕಕ್ಕೆ ಒಡೆಯನ ಇಚ್ಛೆಯೇ ಇಂಧನ. 1958ರಲ್ಲಿ ಬೆಂಗಳೂರಿನಿಂದ ಹಾರಿದ ಇನ್ನೊಂದು ಪುಷ್ಪಕಕ್ಕಾದರೋ ಪೆಟ್ರೋಲನ್ನು ಅಳೆದು ಕೊಡಬೇಕಾಗಿತ್ತು. ಅದನ್ನು ರೂಪಿಸಿದವರ ಮುಂದಾಳು ಡಾ|| ವಿಷ್ಣು ಮಾಧವ ಘಾಟಗೆಯವರನ್ನು ಸೋದರ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಘಾಟಗೆಯವರು 1908ರಲ್ಲಿ ಕೊಲ್ಲಾಪುರದ ಸೀಮೆಯಲ್ಲಿ ಜನಿಸಿದರು. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ಯುದ್ಧಕಾಲದಲ್ಲಿ ಅಲ್ಲಿ ನಡೆದುದು ಬಹುಮಟ್ಟಿಗೆ ಪರರ ವಿಮಾನಗಳ ದುರಸ್ತಿ. ಕಾರ್ಖಾನೆಯನ್ನು ಸೇರಿದ ಘಾಟಗೆಯವರು ನಮ್ಮವರೂ ವಿಮಾನ ರಚಿಸಬಲ್ಲರೆಂದು ತೋರಿಸಿಕೊಟ್ಟರು. 1951ರ ಆಗಸ್ಟಿನಲ್ಲಿ ಅವರ ಎಚ್.ಟಿ.-2 ತರಬೇತಿ ವಿಮಾನ ಹಾರಿತು. ಪುಷ್ಪಕವೂ ಕೃಷಕವೂ ಅದರ ಹಿಂದೆ ಬಂದವು.

ಪುಷ್ಪಕದ ಎಂಜಿನು ಅಮೆರಿಕದ ಕಾಂಟಿನೆಂಟಲ್. ನಾಲ್ಕು ಸಿಲಿಂಡರು, 90 ಅಶ್ವಶಕ್ತಿ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಪೆಟ್ರೋಲನ್ನೂ ತಗ್ಗಿಸಬೇಕು. ಇಲ್ಲವಾದರೆ ಅದು ವ್ಯರ್ಥ. ಆದರೆ ಒಂದೇ ಕಾರ್ಬ್ಯುರೇಟರಿನಿಂದ ಹಂಚುವ ಎಂಜಿನುಗಳಲ್ಲಿ ಎಲ್ಲ ಸಿಲಿಂಡರುಗಳಿಗೂ ಸಮಪಾಲು ಸಿಗುವುದು ಕಷ್ಟ. ಬಹಳ ತಗ್ಗಿಸಿದರೆ, ಕಡಿಮೆ ಪಾಲಿನ ಸಿಲಿಂಡರು ಮೊದಲು ಸೊರಗಿ ಎಂಜಿನೆಲ್ಲ ನಡುಗುತ್ತದೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ನಳಿಕೆಯಿಂದ ಸಮನಾಗಿ ಪೆಟ್ರೋಲು ಚಿಮ್ಮಿಸಿದರೆ ಈ ಕೊರತೆ ನೀಗಿ, ಕಡಿಮೆ ಪೆಟ್ರೋಲಿನಲ್ಲಿಯೇ ನಯವಾಗಿ ಬಹುದೂರ ಹಾರಬಹುದು.

ಹೀಗೆ ಹಂಚುವ ನ್ಯಾಯವನ್ನು ಘಾಟಗೆಯವರ ಬಾಳಿನಲ್ಲಿಯೂ ಕಾಣುತ್ತೇನೆ. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗ ಆರಂಭವಾದಾಗ, ಜರ್ಮನಿಯಲ್ಲಿ ಗಳಿಸಿದ ವಿದ್ಯೆಯನ್ನು ಇಲ್ಲಿಯ ತರುಣರಿಗೆ ಬೋಧಿಸಿದರು. 1965ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. 1991ರಲ್ಲಿ ದಿವಂಗತರಾದರು.

ನಾನು ಸಂಡೂರಿನ ಗಣಿ ಕೂಲಿಯವರ ಮಗ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ನನ್ನೊಡನೆ ಶಾಲೆಯಲ್ಲಿ ಕುಳಿತವರಲ್ಲಿ ಕೆಲವರು ಕಂಪ್ಲಿಯ ಗದ್ದೆ ಸೇರಿದರು, ಕೆಲವರು ಹೊಸಪೇಟೆಯ ಗ್ಯಾರೇಜು ಸೇರಿದರು. ಅವರ ಬುದ್ಧಿಗೆ ಕೊರತೆಯಿರಲಿಲ್ಲ. ಸಿಕ್ಕ ಪಾಲು ಕಡಿಮೆ. ಒಂದು ಸಿಲಿಂಡರು ಸೊರಗಿದರೆ ವಿಮಾನವೇ ನಡುಗುವಾಗ ನಾಡಿನ ಪಾಡೇನು? ಘಾಟಗೆಯವರಷ್ಟು ವಿದ್ಯೆ ನನ್ನಲ್ಲಿಲ್ಲ. ಇರುವಷ್ಟನ್ನು ನಮ್ಮ ಕೇರಿಯ ಮಕ್ಕಳಿಗೆ ಸಂಜೆಯ ಹೊತ್ತು ಹೇಳಿಕೊಡಬೇಕೆಂದು ನಿಶ್ಚಯಿಸಿದ್ದೇನೆ.