ಕೊರೊಶಿ ಚೊಮಾ ಶಾಂಡೊರ್: ಹೆಸರಿನಲ್ಲಿ ಉಳಿದ ಊರು

ಟಿಬೆಟಿಯನ್ ಅಧ್ಯಯನದ ಪ್ರವರ್ತಕನೆಂದು ಮಾನ್ಯನಾದ ಕೊರೊಶಿ ಚೊಮಾ ಶಾಂಡೊರ್‌ನ ಹೆಸರಿನ ಮೊದಲ ಪದ ಊರೊಂದರಿಂದ ಬಂದುದು. ಹಂಗೇರಿಯನ್ ಭಾಷೆಯಲ್ಲಿ ಸ್ಥಳನಾಮಕ್ಕೆ ‘ಇ’ ಪ್ರತ್ಯಯ ಸೇರಿದಾಗ ‘ಆ ಊರಿನವನು’ ಎಂಬ ಅರ್ಥ ಬರುತ್ತದೆ. ಅಂತೆಯೇ ‘ಕೊರೊಶಿ’ ಎಂದರೆ ಕೊರೊಶ್ ಊರಿನವನು. ಚೊಮಾ ಎಂಬುದು ಮನೆತನದ ಹೆಸರು. ಶಾಂಡೊರ್ ಎಂಬುದು ಅಲೆಕ್ಸಾಂಡರ್ ಹೆಸರಿನ ಹಂಗೇರಿಯನ್ ರೂಪ. ಊರು, ಮನೆತನ, ಕೊನೆಗೆ ವ್ಯಕ್ತಿ ಎಂಬುದು ಇಲ್ಲಿನ ಕ್ರಮ. ‘ಕೊರೊಶ್’ ಎಂಬುದರ ಮೂಲ ಆ್ಯಶ್ ಮರವನ್ನು ಸೂಚಿಸುವ ಪದ. ಆ ಮರಗಳಿರುವ ಎಡೆ ಎಂಬುದು ಅದರ ಅರ್ಥ. ಇದೇ ಬಗೆಯಾಗಿ ಕೇಳಿಸುವ ನದಿಯ ಹೆಸರೊಂದಿದೆ. ಅದರ ಮೊದಲ ಸ್ವರ ಹ್ರಸ್ವ, ಅದು ಬೇರೆಯೇ ಪದ. ನಾಜ್‌ಕೊರೊಶ್, ಕಿಶ್‌ಕೊರೊಶ್ ಎಂಬ ಪಟ್ಟಣಗಳೂ ಇರುವುದರಿಂದ, ಕೊರೊಶಿ ಎಂಬ ಹೆಸರೊಂದರಿಂದಲೇ ವ್ಯಕ್ತಿಯ ಊರನ್ನು ನಿರ್ಣಯಿಸಲಾಗದು.

ಶಾಂಡೊರ್‌ನ ಕೊರೊಶ್ ಟ್ರಾನ್ಸಿಲ್ವೇನಿಯಾದ ಸೇಕೆಯ್ ಸೀಮೆಯ ಸಣ್ಣ ಹಳ್ಳಿ. ಇಂದು ಅದು ರೊಮೇನಿಯಾದಲ್ಲಿದೆ. 1784ರಲ್ಲಿ ಗಡಿಕಾವಲಿನ ಬಡ ಕುಟುಂಬವೊಂದರಲ್ಲಿ ಜನಿಸಿದ ಆತ ನಾಜ್‌ಎನ್ಯೆದ್‌ನ ಬೆತ್ಲೆನ್ ಕಾಲೇಜಿನಲ್ಲಿ ದುಡಿದುಕೊಂಡೇ ಓದಿದನು. ಅನಂತರ 1816ರಿಂದ 1818ರವರೆಗೆ ಜರ್ಮನಿಯ ಗಟಿಂಗೆನ್‌ನಲ್ಲಿ ವ್ಯಾಸಂಗ ಮಾಡಿದನು. ಹಂಗೇರಿಯನ್ನರ ಮೂಲನೆಲೆ ಏಷ್ಯಾದ ಒಳನಾಡಿನಲ್ಲಿದೆ ಎಂಬ ನಂಬಿಕೆ ಆತನನ್ನು ಬಿಡದೆ ಕಾಡಿತು. ತನ್ನ ಊರನ್ನು ಹೆಸರಿನಲ್ಲೇ ಹೊತ್ತವನು ತನ್ನ ಜನಾಂಗದ ಊರನ್ನು ಅರಸಿ 1819ರಲ್ಲಿ ಹೊರಟನು, ಮತ್ತೆ ಹಿಂದಿರುಗಲಿಲ್ಲ.

ಬಾಗ್ದಾದ್, ತೆಹರಾನ್, ಬುಖಾರಾ, ಕಾಬೂಲ್‌ಗಳನ್ನು ಹಾದು 1822ರಲ್ಲಿ ಲಾಹೋರ್ ಹಾಗೂ ಲೇಹ್ ತಲುಪಿದನು. ದಾರಿಯಲ್ಲಿ ಸಿಕಂದರ್ ಬೇಗ್ ಎಂಬ ಹೆಸರನ್ನು ಧರಿಸಿದ್ದನು. ವ್ಯಕ್ತಿನಾಮ ಅನುವಾದಗೊಂಡು ಉಳಿಯಿತು. ಊರಿನ ಹೆಸರು ಮರೆಗೆ ಸರಿಯಿತು. ಅದೇ ವರ್ಷ ವಿಲಿಯಂ ಮೂರ್‌ಕ್ರಾಫ್ಟ್‌ನ ಭೇಟಿಯಿಂದ ಆತನ ಗಮನ ಟಿಬೆಟಿಯನ್ ಭಾಷೆಯತ್ತ ಹೊರಳಿತು. ಜಾನ್ಸ್ಕರ್‌ನ ಜಂಗ್ಲಾ ಮತ್ತು ಫುಕ್ತಲ್, ಕಿನ್ನೌರ್‌ನ ಕಾನಮ್‌ಗಳಲ್ಲಿ ಕೊರೆಯುವ ಚಳಿ, ಬಡತನಗಳ ನಡುವೆ ಆತ ನಡೆಸಿದ ಅಧ್ಯಯನದ ಫಲವಾಗಿ 1834ರಲ್ಲಿ ಕಲ್ಕತ್ತೆಯಲ್ಲಿ ಟಿಬೆಟಿಯನ್–ಇಂಗ್ಲಿಷ್ ನಿಘಂಟು ಹಾಗೂ ವ್ಯಾಕರಣ ಪ್ರಕಟವಾದವು. ನಿಘಂಟಿನ ಮುಖಪುಟದಲ್ಲಿ ‘ಕೊರೊಶ್‌ನ’ ಎಂಬ ವಿಶೇಷಣ ಆತನ ಹೆಸರಿಗೆ ಮರಳಿತು. ಹಂಗೇರಿಯನ್ ‘ಇ’ಕಾರ ಹೋಗಿ, ಅದರ ಎಡೆಯಲ್ಲಿ ಫ್ರೆಂಚ್–ಲ್ಯಾಟಿನ್ ರೂಢಿಯ ‘ದ’ ಬಂದಿತ್ತು. ಬೋಧಿಸಿದ ಲಾಮಾ ಸಂಗ್ಯೆ ಫುಂತ್ಸೋಗ್‌ನ ನೆರವೂ ಅಲ್ಲಿಯೇ ದಾಖಲಾಗಿರುವುದು ಉಲ್ಲೇಖಾರ್ಹ.

ಏಷ್ಯಾಟಿಕ್ ಸೊಸೈಟಿಯ ಗ್ರಂಥಪಾಲಕನಾಗಿ ಕೆಲವು ವರ್ಷ ದುಡಿದ ಶಾಂಡೊರ್ ಲಾಸಾದತ್ತ ಹೊರಟು, 1842ರ ಏಪ್ರಿಲ್ 11ರಂದು ಡಾರ್ಜಿಲಿಂಗ್‌ನಲ್ಲಿ ಜ್ವರದಿಂದ ತೀರಿಕೊಂಡನು. ಆತನ ಸಮಾಧಿ ಅಲ್ಲಿಯೇ ಇದೆ.

ಆತ ಅರಸಿದ ಪ್ರಶ್ನೆಗೆ ಉತ್ತರ ಟಿಬೆಟಿನಲ್ಲಿರಲಿಲ್ಲ. ಹಂಗೇರಿಯನ್ ಯುರಾಲಿಕ್ ಕುಟುಂಬದ ಭಾಷೆ. ಸೈಬೀರಿಯಾದ ಖಾಂತಿ, ಮಾನ್ಸಿ ಭಾಷೆಗಳು ಅದರ ಬಂಧುಗಳೆಂದು ಭಾಷಾವಿಜ್ಞಾನ ಒಪ್ಪಿದೆ. ಅರಸಿದ್ದು ದೊರೆಯದಿದ್ದರೂ ದಾರಿಯಲ್ಲಿ ದೊರೆತುದು ಒಂದು ಅಧ್ಯಯನ ಶಾಖೆಗೇ ತಳಹದಿಯಾಯಿತು. ಹಳ್ಳಿಯನ್ನು ಅನಂತರ ಆತನ ನೆನಪಿಗಾಗಿ ಚೊಮಾಕೊರೊಶ್ ಎಂದು ಕರೆಯಲಾಯಿತು. ಊರಿನಿಂದ ಹೆಸರು ಪಡೆದವನು ಊರಿಗೇ ತನ್ನ ಮನೆತನದ ಹೆಸರನ್ನು ಮರಳಿಸಿದಂತಾಯಿತು. ಸ್ಥಳನಾಮ ಮತ್ತು ವ್ಯಕ್ತಿನಾಮಗಳ ಸಂಬಂಧ ಏಕಮುಖವಲ್ಲ ಎಂಬುದಕ್ಕೆ ಈ ಜೀವನ ಸ್ಪಷ್ಟ ನಿದರ್ಶನ.